ಜಿಗಣೆಯ ಡಾಬು

ಹಾವೇರಿಯಲ್ಲಿ ಮೃಗಶಿರ ಮಳೆ ಬಿದ್ದ ಮರುದಿನ ಬೆಳಿಗ್ಗೆ ನಮ್ಮ ಅಂಗಳದ ಫರಸಿಯ ಮೇಲೆ ಎರೆಹುಳುಗಳ ಸಂತೆಯೇ ನೆರೆದಿರುತ್ತದೆ. ಹಿಂದಿನ ರಾತ್ರಿ ಎಲ್ಲಿದ್ದವೋ ಏನೋ, ಬೆಳಗಾಗುವುದರೊಳಗೆ ರಂಗೋಲಿ ಹಾಕುವ ಜಾಗದಲ್ಲಿ ತಾವೇ ಒಂದೊಂದು ಎಳೆ ಬಿಡಿಸಿಕೊಂಡು ಮಲಗಿರುತ್ತವೆ. ಹೋದ ವರ್ಷ ಹೀಗೆಯೇ ಒಂದು ಬೆಳಿಗ್ಗೆ ಕಸಬರಿಗೆ ಹಿಡಿದು ಬಾಗಿಲು ತೆಗೆದೆ. ಎದುರುಮನೆಯಾಕೆ ತನ್ನ ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅವುಗಳ ಮೇಲೆ ಉಪ್ಪು ಉದುರಿಸುತ್ತಿದ್ದಳು. ಉಪ್ಪು ಬಿದ್ದ ಹುಳುಗಳು ಗಂಟು ಹಾಕಿಕೊಂಡು ಒದ್ದಾಡುತ್ತಿದ್ದವು.

“ಯಾಕವ್ವಾ, ಏನ್ ಮಾಡ್ಯಾವು ಪಾಪ ಅವು?” ಎಂದೆ.

“ಮೊಮ್ಮಗ ಅಂಗಳದಾಗ ಆಡತಾನ್ರೀ ಅಕ್ಕೋರ. ಹೊಟ್ಟ್ಯಾಗ ಹೊಕ್ಕು ಜಂತು ಆಗತಾವು. ಸಾಲ್ಯಾಗ ಗುಳಿಗಿ ಕೊಟ್ಟು ತಿಂಗಳಾಗಿಲ್ಲ, ಮತ್ತ ಇವು ಹೊಕ್ಕರ ಏನ್ ಮಾಡೂದ್ರಿ?”

ಕಸಬರಿಗೆ ಅಲ್ಲಿಯೇ ಇಟ್ಟು ನಾನು ಪಾಠಕ್ಕೆ ನಿಂತೆ. ಮೂವತ್ತು ವರ್ಷದ ಚಟ, ಬಿಡಬೇಕೆಂದರೂ ಬಿಡುವುದಿಲ್ಲ. ಎರೆಹುಳು ಚರ್ಮದಿಂದಲೇ ಉಸಿರಾಡುತ್ತದೆ, ಅದಕ್ಕೆ ಮೈ ಸದಾ ಹಸಿಯಾಗಿರಬೇಕು, ಉಪ್ಪು ಆ ಹಸಿಯನ್ನೆಲ್ಲ ಹೀರಿಬಿಡುತ್ತದೆ ಎಂದೆ. ಮಕ್ಕಳ ಹೊಟ್ಟೆಯಲ್ಲಿ ಆಗುವ ದುಂಡು ಜಂತುವಿನ ತತ್ತಿ ಬರುವುದು ಹೊಲಸಾದ ಕೈಯಿಂದ, ತೊಳೆಯದ ಕಾಯಿಪಲ್ಲೆಯಿಂದ; ಎರೆಹುಳು ಮನುಷ್ಯರ ಹೊಟ್ಟೆಯಲ್ಲಿ ಬದುಕುವ ಪ್ರಾಣಿಯೇ ಅಲ್ಲ ಎಂದೆ. 2015ರಿಂದ ಶಾಲೆಗಳಲ್ಲಿ ಆಲ್ಬೆಂಡಜೋಲ್ ಗುಳಿಗೆ ಕೊಡುವ ದಿನ ನಾನೂ ನೀರಿನ ಲೋಟ ಹಿಡಿದು ಮಕ್ಕಳ ಮುಂದೆ ನಿಂತವಳು. ಆದ್ದರಿಂದ ಆ ಗುಳಿಗೆ ಯಾವ ಹುಳುವಿಗೆ, ಯಾವುದಕ್ಕಲ್ಲ ಎಂಬುದನ್ನೂ ಬಿಡಿಸಿ ಹೇಳಿದೆ. ಆಕೆ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು. ಕಡೆಗೆ, “ಹುಳಾ ಅಂದ್ರ ಹುಳಾನ ಅಲ್ರೀ ಅಕ್ಕೋರ?” ಎಂದು ಎದ್ದು ಒಳಗೆ ಹೋದಳು. ಉಪ್ಪಿನ ಡಬ್ಬಿಯನ್ನು ಮಾತ್ರ ಒಳಗೆ ಒಯ್ದಳು, ಅಷ್ಟು ಪುಣ್ಯ.

ಆಕೆಯ ಮಾತಿನಲ್ಲಿ ತಪ್ಪೇನಿದೆ? ನಮ್ಮ ಭಾಷೆಯಲ್ಲಿ ಎಲ್ಲವೂ ಹುಳವೇ. ಜೋಳದಲ್ಲಿ ಆಗುವುದು ಹುಳ, ಬದನೆಕಾಯಿಯೊಳಗೆ ಕೂತದ್ದು ಹುಳ, ದೀಪಕ್ಕೆ ಬಂದು ಬೀಳುವುದು ಹುಳ, ಪೀತಾಂಬರ ಕೊಡುವುದು ರೇಷ್ಮೆಹುಳ. ಹಲ್ಲು ನೋವಾದರೂ ಹುಳ ಹತ್ತಿದೆ ಅನ್ನುತ್ತೇವೆ. ರಾತ್ರಿ ಮಕ್ಕಳನ್ನು ಹೆದರಿಸುವಾಗ ಹಾವಿಗೂ ಹುಳ ಎನ್ನುತ್ತೇವೆ. ಸ್ವೀಡನ್ ದೇಶದ ಲಿನ್ನೇಯಸ್ ಮಹಾಶಯ 1758ರಲ್ಲಿ ಜಗತ್ತಿನ ಪ್ರಾಣಿಗಳನ್ನೆಲ್ಲ ಆರು ಡಬ್ಬಿಗಳಲ್ಲಿ ತುಂಬಿಟ್ಟಾಗ ಆರನೆಯ ಡಬ್ಬಿಯ ಮೇಲೆ ಬರೆದದ್ದೂ ಹುಳು ಅಂತಲೇ. ಹಾಲು ಕುಡಿಸುವವು, ಹಕ್ಕಿಗಳು, ಹಾವು ಕಪ್ಪೆಗಳು, ಮೀನುಗಳು, ಕೀಟಗಳು ಎಂದು ಐದು ತುಂಬಿದ ಮೇಲೆ ಮಿಕ್ಕಿದ್ದೆಲ್ಲ ಅದರೊಳಗೆ ಬಿತ್ತು. ಎರೆಹುಳು, ಜಿಗಣೆ, ಬಸವನಹುಳು, ಸಮುದ್ರದ ನಕ್ಷತ್ರಮೀನು, ಲೋಳೆಮೀನು, ಎಲ್ಲವೂ ಒಂದರಲ್ಲೇ. ಅಡಿಗೆಮನೆಯಲ್ಲಿ ನಾವೆಲ್ಲ ಇಟ್ಟುಕೊಂಡಿರುವ ‘ಇರಲಿ, ಮುಂದೆ ನೋಡೋಣ’ ಎನ್ನುವ ಡಬ್ಬಿಯ ಹಾಗೆ. ಆತ ದೊಡ್ಡ ವಿದ್ವಾಂಸ. ಆದರೂ ಈ ಒಂದು ವಿಷಯದಲ್ಲಿ ನಮ್ಮ ಎದುರುಮನೆಯಾಕೆಗಿಂತ ಬಹಳ ದೂರವೇನೂ ಹೋಗಿರಲಿಲ್ಲ.

ಆ ಡಬ್ಬಿಯನ್ನು ಸುರಿದು ಆರಿಸಲು ಕುಳಿತವರು ಫ್ರಾನ್ಸಿನವರು. ಮೈತುಂಬ ಉಂಗುರಗಳನ್ನು ಜೋಡಿಸಿದಂತೆ ಕಾಣುವ ಹುಳುಗಳನ್ನು ಲಮಾರ್ಕ್ 19ನೇ ಶತಮಾನದ ಆರಂಭದಲ್ಲಿ ಬೇರೆ ತೆಗೆದಿಟ್ಟು, ಪುಟ್ಟ ಉಂಗುರ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಹೆಸರು ಕೊಟ್ಟ. ಅದೇ ಅನೆಲಿಡಾ. ನಮ್ಮ ಕನ್ನಡ ಪಠ್ಯಪುಸ್ತಕಗಳು ‘ವಲಯವಂತಗಳು’ ಎಂದವು. ಕನ್ನಡ ಕಲಿಸುವವಳಾದ ನನಗೆ ಈ ಮಾತು ಕೇಳಿದಾಗಲೆಲ್ಲ ಯಾರೋ ಗುಣವಂತೆ, ಭಾಗ್ಯವಂತೆ ಅಂದಂತೆ ಆಗುತ್ತದೆ. ಎರೆಹುಳು ಎಂಬ ನಮ್ಮ ಹೆಸರಾದರೂ ಸಣ್ಣದಲ್ಲ. ಎರೆ ಎಂದರೆ ನಮ್ಮ ಹೊಲಗಳ ಕಪ್ಪು ಮಣ್ಣು. ಎರೆ ಎಂದರೆ ಮೀನಿನ ಗಾಳಕ್ಕೆ ಸಿಕ್ಕಿಸುವ ತಿನಿಸು ಕೂಡ. ಹುಳುವಿಗೆ ಎರಡೂ ಒಪ್ಪುತ್ತವೆ. ಸಂಸ್ಕೃತದಲ್ಲಂತೂ ಇದು ಭೂನಾಗ. ಹಾವುಗಳ ಕೇರಿಯೇ ಹಾವೇರಿಯಾಯಿತು ಎಂದು ಹೇಳಿಕೊಳ್ಳುವ ಊರಿನವರು ನಾವು. ಭೂನಾಗನಿಗೆ ಉಪ್ಪು ಹಾಕುವುದು ಚೆಂದವೇ?

ನಾನು ಓದಿದ್ದು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ನನ್ನ ವಿಷಯಗಳು. ಹುಳುಗಳ ಗೊಡವೆ ನನಗೆ ಬಂದದ್ದು 1997ರಲ್ಲಿ. ಆಗ ನಾನು ಬ್ಯಾಡಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ವಿಜ್ಞಾನದ ಮಾಸ್ತರರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬರಲಿಲ್ಲ. “ಜೀವಶಾಸ್ತ್ರ ಅಂದ್ರ ಕಥಿ ಇದ್ದಂಗ ಐತ್ರಿ, ನೀವ ತಗೊಳ್ರಿ” ಎಂದು ಹೆಡ್‌ಮಾಸ್ತರರು ಒಂಬತ್ತನೆಯ ತರಗತಿಯನ್ನು ನನ್ನ ಕೊರಳಿಗೆ ಕಟ್ಟಿದರು. ಪಠ್ಯಪುಸ್ತಕ ಒಂದು, ಗೈಡು ಒಂದು. ರಾತ್ರಿ ಅವೆರಡನ್ನೂ ಉರು ಹೊಡೆದು ಬೆಳಿಗ್ಗೆ ಹೋಗಿ ಹೇಳುವುದು. ಮಕ್ಕಳು ಪ್ರಶ್ನೆ ಕೇಳಿದರೆ ಎದೆ ಡವಡವ ಎನ್ನುತ್ತಿತ್ತು.

ಗೈಡಿನಲ್ಲಿ ಉಂಗುರದ ಹುಳುಗಳಿಗೆ ಮೂರು ವರ್ಗಗಳಿದ್ದವು. ಮೈಮೇಲೆ ಬಹಳ ಬಿರುಗೂದಲುಗಳಿರುವ ಸಮುದ್ರದ ಹುಳುಗಳು, ಅಂದರೆ ಪಾಲಿಕೀಟ. ಕೆಲವೇ ಬಿರುಗೂದಲುಗಳಿರುವ ಎರೆಹುಳುವಿನ ಜಾತಿ, ಅಂದರೆ ಆಲಿಗೋಕೀಟ. ಬಿರುಗೂದಲೇ ಇಲ್ಲದೆ, ಮುಂದೊಂದು ಹಿಂದೊಂದು ಅಂಟುಬಟ್ಟಲು ಇರುವ ಜಿಗಣೆಗಳು, ಅಂದರೆ ಹಿರುಡಿನಿಯ. ಕೂದಲು ಬಹಳ, ಕೂದಲು ಸ್ವಲ್ಪ, ಕೂದಲು ಇಲ್ಲ. ಇಷ್ಟು ಸುಲಭದ ಪಾಠ ಇಡೀ ಪುಸ್ತಕದಲ್ಲಿ ಇರಲಿಲ್ಲ. ಎರೆಹುಳುವನ್ನು ಬಾಲದ ಕಡೆಯಿಂದ ತಲೆಯ ಕಡೆಗೆ ಬೆರಳಿನಿಂದ ಸವರಿದರೆ ಆ ಬಿರುಗೂದಲು ತರತರ ಎಂದು ತಾಕುತ್ತದೆ ಎಂದು ಬಹಳ ಧೈರ್ಯದಿಂದ ಹೇಳಿದೆ. ನಾನು ಸವರಿ ನೋಡಿರಲಿಲ್ಲ.

ಆ ತರಗತಿಯ ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಸೂಟಿಯ ದಿನ ಅವ್ವನ ಜೊತೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಸೋಮವಾರ ಶಾಲೆಗೆ ಬಂದರೆ ಅವಳ ಕಣ್ಣು ಕೆಂಪು, ಪಕ್ಕದವರಿಗೆಲ್ಲ ಸೀನು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಬೇರೆ, ಕಡ್ಡಿ ಬೇರೆ. ಒಂದು ಗಿಡ್ಡ ಮತ್ತು ಗುಂಡು, ಇನ್ನೊಂದು ಉದ್ದ ಮತ್ತು ತೆಳು. ಎರಡೂ ಸುಕ್ಕುಗಟ್ಟಿದವೇ, ಎರಡೂ ಖಾರ ಕಡಿಮೆ ಬಣ್ಣ ಜಾಸ್ತಿಯವೇ. ಹೊರಗಿನವರಿಗೆ ಎಲ್ಲ ಒಂದೇ ರಾಶಿ. ಆ ರಾಶಿಯ ಮುಂದೆ ಕೂತು ಕಣ್ಣುಮುಚ್ಚಿ ಆರಿಸುವ ಕೈಗಳಲ್ಲಿ ಬೆಳೆದ ಹುಡುಗಿ ಅವಳು. ಅವ್ವನ ತವರು ಹಾನಗಲ್ಲ ತಾಲೂಕಿನ ಒಂದು ಹಳ್ಳಿ. ಭತ್ತದ ಗದ್ದೆ, ಕೆರೆ, ಸಣ್ಣಗೆ ಮಲೆನಾಡಿನ ಗಾಳಿ ಇರುವ ಸೀಮೆ. ಬ್ಯಾಡಗಿಯ ಮಕ್ಕಳಿಗೆ ಜಿಗಣೆ ಎಂದರೆ ಪುಸ್ತಕದ ಚಿತ್ರ. ಅವಳಿಗೆ ಅಜ್ಜಿಯ ಗದ್ದೆಯಲ್ಲಿ ಕಾಲಿಗೆ ಕಚ್ಚಿ ಹಿಡಿದ ಜೀವ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಕೊಟ್ಟಿದ್ದೆ: ಎರೆಹುಳು ಮತ್ತು ಜಿಗಣೆ ಯಾವ ಯಾವ ವರ್ಗಕ್ಕೆ ಸೇರುತ್ತವೆ? ತರಗತಿಯೆಲ್ಲ ಗೈಡಿನಲ್ಲಿದ್ದಂತೆ ಬರೆದಿತ್ತು. ಇವಳೊಬ್ಬಳು ಮಾತ್ರ ಎರಡೂ ಒಂದೇ ವರ್ಗದವು ಎಂದು ಬರೆದು, ಕೇಳದಿದ್ದರೂ ಕಾರಣ ಕೊಟ್ಟಿದ್ದಳು. ಎರಡಕ್ಕೂ ನಡುವಿಗೆ ಡಾಬು ಇರುತ್ತದೆ. ಎರಡರಲ್ಲೂ ಒಂದೇ ಹುಳುವಿನೊಳಗೆ ಗಂಡೂ ಹೆಣ್ಣೂ ಇರುತ್ತವೆ. ಎರಡೂ ತತ್ತಿಗಳನ್ನು ಚೀಲದಲ್ಲಿ ಇಡುತ್ತವೆ.

ನಾನು ಕೆಂಪು ಶಾಯಿಯಿಂದ ಉತ್ತರಕ್ಕೆ ಗೆರೆ ಹೊಡೆದೆ. ‘ಡಾಬು’ ಎಂಬ ಶಬ್ದದ ಕೆಳಗೆ ಎರಡು ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಹೆಂಗಸರ ಸೊಂಟದ ಆಭರಣ ಬಂದದ್ದು ನನ್ನೊಳಗಿನ ಕನ್ನಡದ ಟೀಚರಿಗೆ ಸೇರಿರಲಿಲ್ಲ.

ಪೇಪರು ಕೊಟ್ಟ ದಿನ ಅವಳು ಮೇಜಿನ ಹತ್ತಿರ ಬಂದಳು.

“ಅಕ್ಕೋರ, ಎರಿಹುಳದ ಕೊಳ್ಳಾಗಿನ ದಪ್ಪನ ಪಟ್ಟಿ ಐತಲ್ರಿ, ಅದು ಜಿಗಣಿಗೂ ಇರತೈತ್ರಿ. ಎರಿಹುಳ ಯಾವಾಗ್ಲೂ ಹಾಕ್ಕೊಂಡಿರತೈತಿ. ಜಿಗಣಿ ತತ್ತಿ ಇಡೂ ಮುಂದಷ್ಟ ಹಾಕ್ಕೊಂತೈತ್ರಿ, ನಾವು ಹಬ್ಬಕ್ಕ ಹಾಕ್ಕೊಂಡಂಗ.”

“ಪುಸ್ತಕದಾಗ ಹಂಗ ಐತೇನು?”

“ಇಲ್ರಿ.”

“ಮತ್ತ?”

“ಅಜ್ಜಿ ಊರಿಗೆ ಹೋದಾಗ ತಂದು ತೋರಸತೀನ್ರಿ” ಎಂದಳು. ಆಗಲಿ ಆಗಲಿ, ಹೋಗಿ ಕೂತ್ಕೋ ಎಂದೆ. ಹಾಜರಿ ಪುಸ್ತಕ ಮುಗಿಸುವ ಗಡಿಬಿಡಿಯಲ್ಲಿದ್ದೆ. ಆಮೇಲೆ ಅವಳು ತಂದಳೋ ಇಲ್ಲವೋ ನನಗೆ ನೆನಪಿರಲಿಲ್ಲ.

ಜಿಗಣೆಯ ಹೆಸರು ಕೇಳಿದರೆ ನನ್ನ ಮೈ ಜುಮ್ ಎನ್ನುತ್ತದೆ, ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಬಾಯೊಳಗೆ ಮೂರು ದವಡೆ, ಕಚ್ಚಿದ್ದು ಗೊತ್ತಾಗುವುದಿಲ್ಲ, ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ನಮ್ಮ ಸುಶ್ರುತಾಚಾರ್ಯರು ಇದನ್ನೇ ಔಷಧ ಮಾಡಿಕೊಂಡರು. ಜಿಗಣೆಗಳನ್ನು ವಿಂಗಡಿಸಿಯೂ ಇಟ್ಟರು: ಒಟ್ಟು 12 ಬಗೆ, ವಿಷವುಳ್ಳವು 6, ವಿಷವಿಲ್ಲದವು 6. ಯಾವುದನ್ನು ರೋಗಿಯ ಮೈಗೆ ಹಚ್ಚಬಹುದು, ಯಾವುದನ್ನು ಹಚ್ಚಬಾರದು ಎಂಬುದು ಅವರ ಲೆಕ್ಕ. ಲಿನ್ನೇಯಸ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲಿನ ಮಾತು. ಕಣ್ಣಿಟ್ಟು ನೋಡಿದವರು ಬೇಕಾದ್ದಕ್ಕೆ ತಕ್ಕ ಹಾಗೆ ವಿಂಗಡಿಸಿದರು. ಹುಡುಗಿ ಮಾಡಿದ್ದೂ ಅದನ್ನೇ ಎಂದು ಆಗ ನನಗೆ ಹೊಳೆಯಲಿಲ್ಲ.

1997 ಎಂದರೆ ನಮ್ಮ ಸೀಮೆಯವರಿಗೆ ಮರೆಯುವ ವರ್ಷವಲ್ಲ. ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿಯನ್ನು ಬೇರೆ ಜಿಲ್ಲೆ ಮಾಡಿದ್ದು ಆಗ. ಶಾಲೆಯ ರಬ್ಬರ್ ಸ್ಟಾಂಪಿನಲ್ಲಿ ‘ತಾ. ಬ್ಯಾಡಗಿ, ಜಿ. ಧಾರವಾಡ’ ಎಂದಿತ್ತು. ಹೊಸ ಸ್ಟಾಂಪು ಬರುವತನಕ ಗುಮಾಸ್ತರು ಧಾರವಾಡವನ್ನು ಪೆನ್ನಿನಿಂದ ಹೊಡೆದು ಹಾವೇರಿ ಎಂದು ಬರೆಯುತ್ತಿದ್ದರು. ನೆಲ ಅಲ್ಲಿಯೇ ಇತ್ತು, ಮಂದಿ ಅವರೇ, ಮೆಣಸಿನಕಾಯಿ ಅದೇ. ವಿಳಾಸ ಮಾತ್ರ ಬದಲಾಯಿತು. ಅದೇ ವರ್ಷ ಮೇ ತಿಂಗಳ ‘ನೇಚರ್’ ಪತ್ರಿಕೆಯಲ್ಲಿ ಎರೆಹುಳುವಿನ ವಿಳಾಸವೂ ಬದಲಾಗಿತ್ತು ಎಂಬುದು ಬ್ಯಾಡಗಿ ತಾಲೂಕಿನ ಒಂಬತ್ತನೆಯ ತರಗತಿಯವರೆಗೆ ಹೇಗೆ ಬರಬೇಕು!

ಅದು ನನಗೆ ಗೊತ್ತಾದದ್ದು ಇಪ್ಪತ್ತು ವರ್ಷದ ಮೇಲೆ, 2018ರಲ್ಲಿ. ಮಗಳು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ದೀಪಾವಳಿ ಸೂಟಿಗೆ ಬಂದವಳು ಪಡಸಾಲೆಯಲ್ಲಿ ಪುಸ್ತಕ ಹರವಿಕೊಂಡು ಕೂತಿದ್ದಳು. ನಾನು ಚಕ್ಕುಲಿ ಒತ್ತುತ್ತ, ನನಗೂ ಒಂದಿಷ್ಟು ಜೀವಶಾಸ್ತ್ರ ಬರುತ್ತದೆಂದು ತೋರಿಸಲು ಕೂದಲು ಬಹಳ, ಕೂದಲು ಸ್ವಲ್ಪ, ಕೂದಲು ಇಲ್ಲ ಎಂದು ಮೂರು ವರ್ಗ ಹೇಳಿದೆ.

“ಅವ್ವಾ, ಅದು ಹಳೇದಾತು” ಎಂದಳು.

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಿಂದಿನವರು ಹೊರಗಿನ ಮೈ ನೋಡಿ ಜಾತಿ ಕಟ್ಟಿದರು. ಈಗ ಜೀವಕೋಶದೊಳಗಿನ ಡಿ.ಎನ್.ಎ. ಓದಿ ಯಾರು ಯಾರ ಮನೆಯಲ್ಲಿ ಹುಟ್ಟಿದರು ಎಂದು ಹುಡುಕುತ್ತಾರೆ, ಬರೀ ಚಹರೆ ನೋಡಿ ನಂಟು ಹೇಳದೆ ವಂಶಾವಳಿಯ ಪತ್ರ ತೆಗೆಸಿದಂತೆ. ಹಾಗೆ ಓದಿದಾಗ ಜಿಗಣೆ ಬೇರೆ ಮನೆತನವಲ್ಲವೆಂದು ಖಚಿತವಾಯಿತು. ಅದು ಎರೆಹುಳುಗಳ ಮನೆತನದ ಒಳಗೇ ಹುಟ್ಟಿದ ಮಗಳು. ಸಿಹಿನೀರಿನ ಕೆಲವು ಸಣ್ಣ ಹುಳುಗಳು ಹೊಲದ ಎರೆಹುಳುವಿಗಿಂತ ಜಿಗಣೆಗೇ ಹತ್ತಿರದ ನಂಟರು. ಮಣ್ಣು ತಿನ್ನುವುದನ್ನು ಬಿಟ್ಟು ರಕ್ತ ಕುಡಿಯಲು ಕಲಿತಳು, ಕೂದಲು ತೆಗೆಸಿದಳು, ಅಂಟುಬಟ್ಟಲು ಇಟ್ಟುಕೊಂಡಳು. ಉಡುಗೆ ತೊಡುಗೆ ಬದಲಾಯಿತು ಅಂದರೆ ತವರು ಬದಲಾಗುತ್ತದೆಯೇ? ಡಿ.ಎನ್.ಎ. ಓದಿ ಇದನ್ನು ಗಟ್ಟಿಮಾಡಿದ ಅಧ್ಯಯನಗಳು 2001ರ ಸುಮಾರಿಗೆ ಬಂದವಂತೆ. ಆದರೆ ಎರಡನ್ನೂ ಒಂದೇ ಗುಂಪಿನಲ್ಲಿ ಇಡಬೇಕೆಂಬ ಮಾತು ಅದಕ್ಕೂ ಬಹಳ ಹಿಂದಿನದು, ನಾನು ಕೆಂಪು ಗೆರೆ ಹೊಡೆಯುವಾಗಲೇ ದೊಡ್ಡ ಪುಸ್ತಕಗಳಲ್ಲಿ ಇತ್ತು. ನನ್ನ ಗೈಡಿನಲ್ಲಿ ಇರಲಿಲ್ಲ, ಅಷ್ಟೇ.

“ಆ ಗುಂಪಿಗೆ ಏನಂತಾರ?” ಎಂದೆ.

“ಕ್ಲೈಟೆಲ್ಲೇಟಾ. ಮೈಮ್ಯಾಲೆ ಒಂದು ದಪ್ಪನ ಪಟ್ಟಿ ಇರತೈತಲ್ಲಾ, ಕ್ಲೈಟೆಲ್ಲಮ್ ಅಂತ. ಅದು ಇದ್ದವು ಎಲ್ಲಾ ಒಂದು.”

ಚಕ್ಕುಲಿಯ ಒರಳು ಕೈಯಲ್ಲಿ ಹಾಗೆಯೇ ನಿಂತಿತು. ಡಾಬು!

ಆ ಲ್ಯಾಟಿನ್ ಮಾತಿನ ಮೂಲದಲ್ಲಿ ಹೇರು ಹೊರುವ ಕತ್ತೆಯ ಬೆನ್ನಿನ ತಡಿ ಎಂಬ ಅರ್ಥವಿದೆ. ವಿದ್ವಾಂಸರಿಗೆ ಆ ಪಟ್ಟಿಯಲ್ಲಿ ಕತ್ತೆಯ ತಡಿ ಕಂಡಿತು, ಬ್ಯಾಡಗಿಯ ಹುಡುಗಿಗೆ ಡಾಬು ಕಂಡಿತು. ನನ್ನನ್ನು ಕೇಳಿದರೆ ಎರಡನೆಯದೇ ಸರಿಯಾದ ಕಣ್ಣು. ಯಾಕೆಂದರೆ ತತ್ತಿ ಇಡುವ ಹೊತ್ತಿಗೆ ಆ ಪಟ್ಟಿಯಿಂದಲೇ ಒಂದು ತೆಳು ಚೀಲ ಬಳೆಯ ಹಾಗೆ ಸುತ್ತ ಕಟ್ಟಿಕೊಳ್ಳುತ್ತದೆ. ಹುಳು ಹಿಂದೆ ಹಿಂದೆ ಸರಿದು ಅದನ್ನು ತಲೆಯ ಮೇಲಿಂದ ಜಾರಿಸಿ ತೆಗೆಯುತ್ತದೆ. ತೆಗೆದೊಡನೆ ಎರಡೂ ತುದಿ ಮುಚ್ಚಿ ತತ್ತಿಯ ಚೀಲವಾಗುತ್ತದೆ. ಎರೆಹುಳುವೂ ಹೀಗೆಯೇ, ಜಿಗಣೆಯೂ ಹೀಗೆಯೇ. ಕಾರವಾರದ ಸಮುದ್ರದ ದಂಡೆಯ ಹುಳುಗಳಿಗೆ ಉಂಗುರವಿದೆ, ಈ ಡಾಬಿಲ್ಲ.

ಉಂಗುರದ ಮಾತಿಗೆ ಬಂದರೆ ಇನ್ನೂ ತಮಾಷೆ. ಉಂಗುರ ಹಾಕಿಕೊಂಡವರೆಲ್ಲ ಈ ಮನೆಯವರಲ್ಲ. ಹೊಟ್ಟೆಯ ಲಾಡಿಹುಳು ತುಂಡು ತುಂಡು ಜೋಡಿಸಿದಂತೆ ಕಾಣುತ್ತದೆ, ಆದರೆ ಅದು ಚಪ್ಪಟೆ ಹುಳುಗಳ ಪೈಕಿ; ಅದರ ಹೊಸ ತುಂಡು ಹುಟ್ಟುವುದು ಕುತ್ತಿಗೆಯ ಹತ್ತಿರ, ಎರೆಹುಳುವಿನ ಹೊಸ ಉಂಗುರ ಬೆಳೆಯುವುದು ಬಾಲದ ಕಡೆ. ಇನ್ನೊಂದು ಕಡೆ, ಮೈಮೇಲೆ ಒಂದೂ ಉಂಗುರ ಕಾಣದ, ಕಡಲೆಕಾಯಿಯಂಥ, ಚಮಚೆಯಂಥ ಕೆಲವು ಸಮುದ್ರದ ಹುಳುಗಳನ್ನು ಡಿ.ಎನ್.ಎ. ನೋಡಿ ಈಗ ಇದೇ ಮನೆಗೆ ಸೇರಿಸಿದ್ದಾರೆ. ಅವು ಉಂಗುರ ಕಳೆದುಕೊಂಡವಂತೆ. ಜಿಗಣೆಯಂತೂ ಮೋಸಗಾತಿ: ಮೈಯೊಳಗಿನ ಖಂಡಗಳು 33 ಎಂದು ನಮ್ಮ ಪಠ್ಯ ಹೇಳುತ್ತಿತ್ತು, ಹೊರಗಿನ ಗೆರೆ ಎಣಿಸಿದರೆ ಅದಕ್ಕೂ ಎಷ್ಟೋ ಪಾಲು ಹೆಚ್ಚು.

ಇನ್ನು 1997ರ ಆ ಸುದ್ದಿ. ಉಂಗುರದ ಹುಳುಗಳಿಗೂ ಜಿರಲೆ, ಜೇಡ, ಏಡಿಗಳಿಗೂ ಮೈ ತುಂಡುತುಂಡಾಗಿರುವುದರಿಂದ ಇವೆಲ್ಲ ಹತ್ತಿರದ ಬಳಗ ಎಂದು 1817ರಲ್ಲಿ ಕುವಿಯೇ ಹೇಳಿದ್ದ. 180 ವರ್ಷ ಹಾಗೆಯೇ ನಡೆದಿತ್ತು. 1997ರಲ್ಲಿ ಪೊರೆ ಕಳಚಿ ಬೆಳೆಯುವ ಪ್ರಾಣಿಗಳೆಲ್ಲ ಒಂದು ಬಳಗ ಎಂದು ತೋರಿಸಿದರು. ಆಗ ಜಿರಲೆಯ ಪಕ್ಕ ಬಂದು ಕುಳಿತದ್ದು ಯಾರು? ನಮ್ಮ ಮಕ್ಕಳ ಹೊಟ್ಟೆಯ ದುಂಡು ಜಂತು! ಎರೆಹುಳು ಅಲ್ಲಿಂದ ಎದ್ದು ಬಸವನಹುಳುವಿನ ಪಕ್ಕಕ್ಕೆ ಹೋಯಿತು. ಎದುರುಮನೆಯಾಕೆಗೆ ಆ ಬೆಳಿಗ್ಗೆ ನಾನು ಹೇಳಬೇಕಾಗಿದ್ದದ್ದು ಇದನ್ನು. ಎರೆಹುಳುವಿಗೂ ಜಂತುವಿಗೂ ಇರುವ ನಂಟಿಗಿಂತ ಜಿರಲೆಗೂ ಜಂತುವಿಗೂ ಇರುವ ನಂಟು ಹತ್ತಿರದ್ದು. 2011ರಲ್ಲಿ ಮತ್ತೊಮ್ಮೆ ಡಿ.ಎನ್.ಎ. ನೋಡಿ ಉಂಗುರದ ಹುಳುಗಳ ಹೆಚ್ಚಿನ ಪಾಲನ್ನು ಅಲೆದಾಡುವವು, ನೆಲೆ ನಿಂತವು ಎಂದು ಎರಡು ಪಂಗಡ ಮಾಡಿದರಂತೆ. ಎರೆಹುಳು ಜಿಗಣೆ ಎರಡೂ ನೆಲೆ ನಿಂತವರಲ್ಲಿ. ವರ್ಗಾವಣೆಯೇ ಆಗದ ಮಾಸ್ತರರ ಪಂಗಡ ಎಂದು ನಾನು ಮಗಳಿಗೆ ಹೇಳಿ ನಕ್ಕೆ.

ಆದರೆ ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ. ಮೂರನೆಯ ಸಾಲಿನ ಹುಡುಗಿಯ ಒಂದು ಅಂಕ ತಲೆಯೊಳಗೆ ಕೂತಿತು. ಕೊಟ್ಟುಬಿಡೋಣವೆಂದರೆ ಯಾವ ಪೇಪರಿಗೆ ಕೊಡುವುದು?

ಉಪ್ಪಿನ ಘಟನೆ ಆದ ಮೇಲೆ ನನಗೆ ಒಂದು ಯೋಚನೆ ಬಂತು. ಒಂದು ಕುಂಡದಲ್ಲಿ ಎರೆಹುಳು ಸಾಕಿ, ಎದುರುಮನೆಯ ಮೊಮ್ಮಗನಿಗೇ ತೋರಿಸಿದರೆ ಹೇಗೆ? ವಿಚಾರಿಸಿದಾಗ ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಸಂಘದ ಹೆಂಗಸರು ಎರೆಗೊಬ್ಬರ ಮಾಡಿ ಮಾರುತ್ತಾರೆಂದು ತಿಳಿಯಿತು. ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಆ ನಾಜೂಕಿನ ಕೆಲಸವೆಲ್ಲ ಹೆಂಗಸರದೇ. ಗೊಬ್ಬರದ ಕೆಲಸವೂ ಈಗ ಅವರ ಕೈಗೆ ಬಂದಿದೆ. ಕರ್ನಾಟಕದಲ್ಲಿ ಎರೆಹುಳುಗಳ ಹಿಂದೆ ಬಿದ್ದು ಹೆಸರು ಮಾಡಿದವರೂ ಒಬ್ಬ ಹೆಣ್ಣುಮಗಳೇ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ. ಎರೆಹುಳುವನ್ನು ಸಾವಯವ ಕೃಷಿಯ ಸಿಂಡರೆಲ್ಲಾ ಎಂದು ಕರೆದ ಅವರ ಇಂಗ್ಲಿಷ್ ಪುಸ್ತಕ 1998ರಲ್ಲಿ ಬಂತು. ಡಾರ್ವಿನ್ 1881ರಲ್ಲಿ ಒಂದು ಇಡೀ ಪುಸ್ತಕವನ್ನು ಎರೆಹುಳುವಿಗೇ ಮೀಸಲಿಟ್ಟ. ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಅವುಗಳ ಹೊಟ್ಟೆಯಿಂದ ಹಾದುಬರುತ್ತದೆ ಎಂದು ಲೆಕ್ಕ ಹಾಕಿದ. ಹುಳುಗಳ ಕುಂಡವನ್ನು ಪಿಯಾನೋ ಮೇಲಿಟ್ಟು ಬಾರಿಸಿಯೂ ನೋಡಿದನಂತೆ. ಮನೆಯವರು ಹೇಗೆ ಸಹಿಸಿಕೊಂಡರೋ.

ಹಳ್ಳಿಯ ಅಂಚಿನಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಸಿಮೆಂಟಿನ ತೊಟ್ಟಿಗಳು. ಜರಡಿ ಹಿಡಿಯುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿ, ಜರಡಿ ಬಿಟ್ಟು ಎದ್ದು ಬಂದಳು.

“ಅಕ್ಕೋರ! ನೀವಲ್ರೀ?”

ಗುರುತು ಹಿಡಿಯಲು ನನಗೆ ಒಂದು ನಿಮಿಷ ಬೇಕಾಯಿತು. ನಲವತ್ತು ದಾಟಿದ ಹೆಂಗಸು, ಕೈಗೆ ಮಣ್ಣು. ಆಮೇಲೆ ಕಣ್ಣು ಗುರುತು ಸಿಕ್ಕಿತು. ರಾಣೆಬೆನ್ನೂರಿನ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರಂತೆ.

ಅವಳು ತೊಟ್ಟಿಯ ಮೇಲಿನ ಗೋಣಿಚೀಲ ಸರಿಸಿ ತೋರಿಸಿದಳು. ಕಂದುಗೆಂಪು ಬಣ್ಣದ ಹುಳುಗಳು ಬೆಳಕು ಕಂಡು ಒಳಗೆ ನುಸುಳಿದವು. “ಇವು ಆಫ್ರಿಕಾದವ್ರಿ. ಮ್ಯಾಲಿನ ಕಸಾ ಸಗಣಿ ತಿಂತಾವು. ಎಷ್ಟೋ ಮಂದಿ ಇವನ್ನ ಒಯ್ದು ಎರಿ ಹೊಲಕ್ಕ ಬಿಡತಾರ್ರಿ. ಬದುಕಂಗಿಲ್ಲ. ಹೊಲದ ಹುಳಾ ಬ್ಯಾರೆ. ಅವು ಮಣ್ಣ ತಿಂತಾವು, ಬ್ಯಾಸಗಿಯೊಳಗ ಆಳಕ್ಕ ಇಳದು ಗಂಟು ಹಾಕ್ಕೊಂಡು ಮಲಗತಾವು.” ಇದನ್ನೇ ಫ್ರಾನ್ಸಿನ ಬೂಶೆ ಎಂಬ ವಿಜ್ಞಾನಿ 1970ರ ದಶಕದಲ್ಲಿ ಮೇಲುಮಟ್ಟದವು, ಮಣ್ಣಿನೊಳಗಿನವು, ಆಳಕ್ಕೆ ಬಿಲ ತೋಡುವವು ಎಂದು ಮೂರು ಪಾಲು ಮಾಡಿ ಹೇಳಿದ್ದು. ಅವಳು ಅದನ್ನು ಓದಿರಲಿಲ್ಲ. ಗೊಬ್ಬರವನ್ನು ಬಿಸಿಲಿಗೆ ಗುಡ್ಡೆ ಮಾಡಿ, ಹುಳುಗಳು ಕೆಳಗೆ ಇಳಿದ ಮೇಲೆ ಮೇಲಿನದನ್ನು ಬಳಿದು ತೆಗೆಯುವುದನ್ನು ತೋರಿಸಿದಳು. ಜರಡಿಯಲ್ಲಿ ಉಳಿದದ್ದನ್ನು ಬೆರಳಿನಿಂದ ಆರಿಸುವಾಗ ಅವಳ ಕೈ ಮೆಣಸಿನಕಾಯಿ ರಾಶಿಯ ಮುಂದಿನ ಕೈಯ ಹಾಗೆಯೇ ಓಡುತ್ತಿತ್ತು. ಸಾಸಿವೆಗಿಂತ ತುಸು ದೊಡ್ಡ, ಕಂದು ಬಣ್ಣದ ಒಂದು ಕಾಳನ್ನು ನನ್ನ ಅಂಗೈ ಮೇಲಿಟ್ಟಳು. ತತ್ತಿಯ ಚೀಲ.

ನಾನು ಬಹಳ ದಿನದಿಂದ ಕಟ್ಟಿಕೊಂಡಿದ್ದ ಮಾತು ಆಡಿದೆ. “ನೋಡವ್ವಾ, ಒಂಬತ್ತನೇತ್ತಾ ಇದ್ದಾಗ ನೀ ಜಿಗಣಿ ಎರಿಹುಳಾ ಒಂದ ಅಂತ ಬರದಿದ್ದಿ. ನಾ ತಪ್ಪು ಹಾಕಿದ್ದೆ. ನಿನ್ನ ಉತ್ತರ ಸರಿ ಇತ್ತು.”

“ಹೌದೇನ್ರೀ?” ಎಂದು ನಕ್ಕಳು. “ಯಾವ ಉತ್ತರಾನೋ, ನನಗ ನೆನಪಿಲ್ರೀ ಅಕ್ಕೋರ.” ಗೋಣಿಚೀಲದ ಬಾಯಿ ಬಿಡಿಸಿ ನನಗೆ ಗೊಬ್ಬರ ತುಂಬತೊಡಗಿದಳು. ಎರಡು ಬೊಗಸೆ ಹಾಕಿದ ಮೇಲೆ, ತಲೆ ಎತ್ತದೆ, “ಬಾಟ್ಲಿ ನೆನಪೈತ್ರಿ” ಎಂದಳು.

“ಯಾವ ಬಾಟ್ಲಿ?”

“ಹಾರ್ಲಿಕ್ಸ್ ಬಾಟ್ಲಿರೀ. ಹಾನಗಲ್ಲಿಂದ ಕೆರಿ ಮಣ್ಣು ಹಾಕಿ ಜಿಗಣಿ ತಂದಿದ್ದೆ, ನಿಮಗ ತೋರ್ಸಾಕ. ನೀವು ನೋಡಿ ಚೀರಿಬಿಟ್ರಿ. ಸಿಪಾಯಿ ಕಡಿಂದ ಗಟಾರಕ್ಕ ಒಗಸಿದ್ರಿ. ಮಣ್ಣಾಗ ತತ್ತಿ ಚೀಲಾ ಇತ್ರಿ ಅಕ್ಕೋರ. ಒಂದ ಸಿಕ್ಕಿತ್ತು.”

ನಾನು ಸುಮ್ಮನೆ ನಿಂತೆ. ಎಷ್ಟು ತಡಕಿದರೂ ಆ ಬಾಟಲಿ ನನಗೆ ನೆನಪಿಗೆ ಬರಲಿಲ್ಲ, ಈಗಲೂ ಬರುತ್ತಿಲ್ಲ. ಆದರೆ ಜಿಗಣೆ ಕಂಡರೆ ನಾನು ಚೀರುವವಳು ಹೌದು, ಸಿಪಾಯಿಯನ್ನು ಕೂಗುವವಳೂ ಹೌದು. ಪಿಯುಸಿಗೆ ವಿಜ್ಞಾನ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದೆ. “ಮನ್ಯಾಗ ಬ್ಯಾಡಂದ್ರು. ನನಗೂ ಅಷ್ಟೊತ್ತಿಗೆ ಬ್ಯಾಸರಾಗಿತ್ರಿ” ಎಂದಳು. ಅದರಲ್ಲಿ ದೂರೇನೂ ಇರಲಿಲ್ಲ. ಚೀಲದ ಬಾಯಿ ಕಟ್ಟಿ, ಇನ್ನೊಂದು ಸಣ್ಣ ಬಟ್ಟೆಯ ಗಂಟಿನಲ್ಲಿ ಹಸಿ ಸಗಣಿಪುಡಿಯ ಜೊತೆ ಹುಳುಗಳನ್ನು ಹಾಕಿಕೊಟ್ಟಳು. ರೊಕ್ಕ ಕೊಡಲು ಹೋದರೆ ಗೊಬ್ಬರದ್ದು ಮಾತ್ರ ತೆಗೆದುಕೊಂಡಳು, ಹುಳುಗಳದ್ದು ಬೇಡವೆಂದಳು.

ಹಾವೇರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಂಟು ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಹೆಂಗಸು ಎರಡು ಸಲ ಅದರ ಕಡೆ ನೋಡಿ, ಮೂರನೆಯ ಸಲಕ್ಕೆ ತಡೆಯಲಾರದೆ, “ಏನ್ರೀ ಅದು, ಮಿಸುಕಾಡಿದಂಗ ಆತಲ್ರೀ?” ಎಂದು ಕೇಳಿದಳು.

“ಹುಳಾವ್ವ” ಎಂದೆ.

ಆಕೆ ಸೀರೆಯ ಸೆರಗು ಎಳೆದುಕೊಂಡು ಸರಿದು ಕೂತಳು. ಸ್ವಲ್ಪ ಹೊತ್ತು ಬಿಟ್ಟು, “ಎಂಥಾ ಹುಳಾರೀ?” ಎಂದಳು.

ನಾನು ಗಂಟು ಬಿಚ್ಚಿ ಒಂದು ಹುಳುವನ್ನು ಅಂಗೈ ಮೇಲೆ ತೆಗೆದುಕೊಂಡು, ಬಾಲದಿಂದ ತಲೆಯ ಕಡೆಗೆ ಬೆರಳಿನಿಂದ ಮೆಲ್ಲಗೆ ಸವರಿದೆ. ತರತರ ಎಂದು ತಾಕಿತು. ಮೋಟೆಬೆನ್ನೂರು ಬರುವ ಹೊತ್ತಿಗೆ ಆಕೆಯೂ ಬೆರಳು ಚಾಚಿದ್ದಳು.